ಕಳೆದುಹೋದ ನಳ, ಹುಡುಕಿದ ದಮಯಂತಿ

ಪ್ರೇಮದ ಕಥೆಗಳಲ್ಲಿ ಎರಡು ಬಗೆಯುಂಟು. ಒಲಿದವರು ಕೂಡಿದಲ್ಲಿಗೆ ಮುಗಿಯುವುದು ಒಂದು. ಕೂಡಿದವರು ಅಗಲಿದ ಮೇಲೆ ಮೊದಲಾಗುವುದು ಇನ್ನೊಂದು. ಮೊದಲನೆಯದನ್ನು ಹೇಳಲು ಕವಿಗೆ ವಸಂತ, ಚಂದ್ರ, ಕೋಗಿಲೆಗಳು ನೆರವಾಗುತ್ತವೆ. ಎರಡನೆಯದರಲ್ಲಿ ಅವು ಯಾವುವೂ ಒದಗಲಾರವು. ಅಲ್ಲಿ ಕಳೆದುಕೊಂಡವರಾರು, ಕಳೆದುಹೋದವರಾರು, ತಪ್ಪು ಯಾರದು, ಅದು ತೀರುವ ಬಗೆ ಹೇಗೆ ಎಂಬ ಕಠಿನ ಪ್ರಶ್ನೆಗಳನ್ನು ಕವಿ ಎದುರಿಸಬೇಕಾಗುತ್ತದೆ. ಒಂದು ರಹಸ್ಯವನ್ನು ಬಿಡಿಸುವ ಕುತೂಹಲವೂ ಒಂದು ಪಾಪವನ್ನು ತೊಳೆಯುವ ಸಂಕಟವೂ ಅಲ್ಲಿ ಜೊತೆಜೊತೆಯಾಗಿ ನಡೆಯುತ್ತವೆ.

ಈ ಬಗೆಯ ಕಥೆಗೆ ಚೀನದ ಟಾಂಗ್ ವಂಶದ ಕಾಲ ಹೆಸರಾದುದು. ಇಂದಿಗೂ ಆ ಕಾಲವನ್ನು ಕುರಿತ ಪತ್ತೇದಾರಿ ನಾಟಕಗಳೂ ಚಿತ್ರಮಾಲಿಕೆಗಳೂ ಹುಟ್ಟುತ್ತಲೇ ಇವೆ. ನಮ್ಮ ಕಾಲೇಜಿನ ತರುಣರೂ ಅವನ್ನು ಮೊಬೈಲಿನಲ್ಲಿ ನೋಡುತ್ತಾರೆ. ಅವುಗಳ ಹಿನ್ನೆಲೆಯಲ್ಲಿ ಒಂದು ನಿಜವಾದ ದುರಂತವಿದೆ. 755ರಲ್ಲಿ ಆನ್ ಲುಷಾನನೆಂಬ ಸೇನಾಪತಿ ದಂಗೆಯೆದ್ದನು. ಮರುವರ್ಷ ಚಕ್ರವರ್ತಿ ಷ್ವಾನ್‌ತ್ಸುಂಗನು ತನ್ನ ಪ್ರೇಯಸಿ ಯಾಂಗ್ ಗುಯ್‌ಫೇಯೊಡನೆ ರಾಜಧಾನಿಯನ್ನು ಬಿಟ್ಟು ಓಡಬೇಕಾಯಿತು. ಮಾವೈ ಎಂಬ ದಾರಿಯ ತಂಗುದಾಣದಲ್ಲಿ ಅವನ ಸೈನಿಕರೇ ತಿರುಗಿಬಿದ್ದು ಅವಳ ಪ್ರಾಣವನ್ನು ಕೇಳಿದರು. ಅರಸನು ಒಪ್ಪಿದನು. ಅವಳನ್ನು ಕೊರಳು ಬಿಗಿದು ಕೊಂದರು.

ಐವತ್ತು ವರ್ಷಗಳ ಮೇಲೆ, 806ರಲ್ಲಿ, ಕವಿ ಬೈ ಜೂಯಿ ಈ ವಸ್ತುವನ್ನು ಕುರಿತು ದೀರ್ಘ ಕವನವನ್ನು ಬರೆದನು. ಅವನ ಗೆಳೆಯ ಚೆನ್ ಹುಂಗನು ಗದ್ಯಕಥೆಯನ್ನು ಬರೆದನು. ಮುದಿಯಾದ ಅರಸನು ಸತ್ತವಳ ಆತ್ಮವನ್ನು ಹುಡುಕಲು ತಾವೋ ಮತದ ಒಬ್ಬ ಮಂತ್ರವಾದಿಯನ್ನು ಕಳಿಸುತ್ತಾನೆ. ಅವಳು ಕಡಲಾಚೆಯ ದೇವದ್ವೀಪದಲ್ಲಿ ದೊರೆಯುತ್ತಾಳೆ. ಅರಸನಿತ್ತ ಚಿನ್ನದ ಮುಡಿಯ ಕಡ್ಡಿಯನ್ನು ಮುರಿದು ಒಂದು ತುಂಡನ್ನು ಗುರುತಾಗಿ ಕೊಡುತ್ತಾಳೆ. ಮಂತ್ರವಾದಿಗೆ ಅದು ಸಾಲದು. ತನ್ನನ್ನು ಮೋಸಗಾರನೆಂದು ಬಗೆದಾರೆಂಬ ಅಂಜಿಕೆಯಿಂದ, ಇಬ್ಬರಿಗಲ್ಲದೆ ಮೂರನೆಯವರಿಗೆ ತಿಳಿಯದ ಮಾತೊಂದನ್ನು ಹೇಳೆಂದು ಬೇಡುತ್ತಾನೆ. ಏಳನೆಯ ತಿಂಗಳ ಏಳನೆಯ ರಾತ್ರಿ ತಾವಿಬ್ಬರೇ ಮಾಡಿಕೊಂಡ ಆಣೆಯನ್ನು ಅವಳು ತಿಳಿಸುತ್ತಾಳೆ. ಗುರುತು ಸಿಕ್ಕಿತು, ರಹಸ್ಯ ಬಿಡಿಸಿತು. ಆದರೆ ಹೋದವಳು ಬರಲಿಲ್ಲ. 1688ರಲ್ಲಿ ಹುಂಗ್ ಷೆಂಗನೆಂಬ ನಾಟಕಕಾರನು ಇಬ್ಬರನ್ನೂ ಪಶ್ಚಾತ್ತಾಪದಲ್ಲಿ ಬೇಯಿಸಿ, ಕೊನೆಗೆ ಚಂದ್ರಲೋಕದಲ್ಲಿ ಕೂಡಿಸಿದನು. ಭೂಮಿಯ ಮೇಲೆ ಕೂಡಿಸುವುದು ಅವನಿಗೂ ಸಾಧ್ಯವಾಗಲಿಲ್ಲ.

ಯಾಂಗ್ ಗುಯ್‌ಫೇ ಮಡಿದ ಆ 756ರ ಸುಮಾರಿಗೇ ನಮ್ಮ ನಾಡಿನಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನು ಪಟ್ಟವೇರಿದನು. ಎಲ್ಲೋರದ ಕೈಲಾಸವನ್ನು ಕೊರೆಯಿಸಿದ ಈ ಅರಸನ ಕಾಲದ ಶಾಸನವೊಂದು ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಲ್ಲಿದೆ. ಅದೇ ವಂಶದ ಮೂರನೆಯ ಇಂದ್ರನ ಆಸ್ಥಾನದಲ್ಲಿ, ಟಾಂಗರ ಆಳಿಕೆ ಮುಗಿದ ಕೆಲವೇ ವರ್ಷಗಳಲ್ಲಿ, ತ್ರಿವಿಕ್ರಮಭಟ್ಟನು ಸಂಸ್ಕೃತದಲ್ಲಿ ‘ನಳಚಂಪು’ವನ್ನು ರಚಿಸಿದನು. ಶ್ಲೇಷೆಯ ಚಮತ್ಕಾರಕ್ಕೆ ಆ ಕಾವ್ಯ ಪ್ರಸಿದ್ಧ. ಆದರೆ ಅದು ನಳನು ದೇವತೆಗಳ ದೂತನಾಗಿ ದಮಯಂತಿಯ ಬಳಿಗೆ ಹೋಗುವಲ್ಲಿಗೆ ನಿಂತುಬಿಡುತ್ತದೆ. ಜೂಜಿಲ್ಲ, ಕಾಡಿಲ್ಲ, ಅಗಲಿಕೆಯಿಲ್ಲ. ಅರಮನೆಯ ಕವಿ ಒಲವಿನ ಹೊಸ್ತಿಲಲ್ಲಿಯೇ ಉಳಿದನು.

ಆ ಹೊಸ್ತಿಲನ್ನು ದಾಟಿ ಕಾಡಿನೊಳಗೆ ಹೋದ ಕವಿ ಹತ್ತಿಮತ್ತೂರಿನ ನೆರೆಸೀಮೆಯಲ್ಲಿಯೇ ಹುಟ್ಟಿದನು. ಶಿಗ್ಗಾಂವಿ ತಾಲ್ಲೂಕಿನ ಬಾಡ ಕನಕದಾಸರ ಜನ್ಮಸ್ಥಳ. ಹದಿನಾರನೆಯ ಶತಮಾನದ ಈ ಹರಿದಾಸರನ್ನು ಜನ ಕೀರ್ತನೆಗಳಿಂದ ಬಲ್ಲರು. ಅವರ ‘ನಳಚರಿತ್ರೆ’ ಭಾಮಿನೀ ಷಟ್ಪದಿಯ ಒಂಬತ್ತು ಸಂಧಿಗಳ ಪುಟ್ಟ ಕಾವ್ಯ. ಪಂಡಿತರಲ್ಲದವರಿಗೂ ಕೇಳಿದೊಡನೆ ಅರ್ಥವಾಗುವ ಕನ್ನಡ. ಅವರಿಗಿಂತ ಮೊದಲು ಚೌಂಡರಸನು ಕನ್ನಡದಲ್ಲಿ ನಳಚಂಪುವನ್ನು ಬರೆದಿದ್ದನು. ಅವರ ತರುವಾಯ ಕೆರೂರು ವಾಸುದೇವಾಚಾರ್ಯರು ಇದೇ ಕಥೆಯನ್ನು ನಾಟಕಕ್ಕೆ ತಂದರು. ಇವೆಲ್ಲಕ್ಕೂ ಬೇರು ವ್ಯಾಸಭಾರತದ ವನಪರ್ವ. ಜೂಜಿನಲ್ಲಿ ಎಲ್ಲವನ್ನೂ ಸೋತು ಕಾಡಿನಲ್ಲಿ ಕುಳಿತ ಧರ್ಮರಾಯನಿಗೆ ಬೃಹದಶ್ವ ಮುನಿ ಈ ಕಥೆಯನ್ನು ಹೇಳುತ್ತಾನೆ. ಆ ಮೂಲವನ್ನು ಮುಂದಿಟ್ಟುಕೊಂಡೇ ನಾನು ಎರಡು ಮಾತು ಹೇಳಬೇಕೆಂದಿದ್ದೇನೆ.

ಕಥೆ ಎಲ್ಲರಿಗೂ ತಿಳಿದದ್ದೇ. ಸ್ವಯಂವರದಲ್ಲಿ ದಮಯಂತಿ ದೇವತೆಗಳನ್ನು ಬಿಟ್ಟು ನಳನನ್ನು ವರಿಸಿದಳೆಂದು ಕಲಿಗೆ ಹೊಟ್ಟೆಯುರಿ. ಹನ್ನೆರಡು ವರ್ಷ ಕಾದು, ನಳನು ಕಾಲು ತೊಳೆಯದೆ ಸಂಧ್ಯೆಗೆ ಕುಳಿತ ಒಂದು ದಿನ ಅವನ ಮೈಯನ್ನು ಹೊಗುತ್ತಾನೆ. ತಮ್ಮನಾದ ಪುಷ್ಕರನೊಡನೆ ಜೂಜಾಡಿ ನಳನು ರಾಜ್ಯವನ್ನು ಸೋಲುತ್ತಾನೆ. ಉಟ್ಟ ಒಂದೇ ಬಟ್ಟೆಯಲ್ಲಿ ಇಬ್ಬರೂ ಕಾಡು ಸೇರುತ್ತಾರೆ. ಮಲಗಿದ ಹೆಂಡತಿಯ ಸೀರೆಯ ಅರ್ಧವನ್ನು ಕತ್ತರಿಸಿಕೊಂಡು ನಳನು ಹೊರಟುಹೋಗುತ್ತಾನೆ. ಹೋಗಿ ಮರಳಿ ಬರುತ್ತಾನೆ, ಮುಖ ನೋಡಿ ಅಳುತ್ತಾನೆ, ಮತ್ತೆ ಹೋಗುತ್ತಾನೆ.

ಇಲ್ಲಿಂದ ಮುಂದೆ ಕಥೆ ಪತ್ತೇದಾರಿಯ ದಾರಿಯನ್ನು ಹಿಡಿಯುತ್ತದೆ. ಕಾರ್ಕೋಟಕನು ಕಚ್ಚಿ ನಳನ ರೂಪ ಕೆಡುತ್ತದೆ. ಅವನು ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಸಾರಥಿಯಾಗಿ ಸೇರುತ್ತಾನೆ. ದಮಯಂತಿ ಚೇದಿದೇಶದಲ್ಲಿ ಸೈರಂಧ್ರಿಯಾಗಿದ್ದವಳು ಹುಬ್ಬುಗಳ ನಡುವಣ ಹುಟ್ಟುಮಚ್ಚೆಯಿಂದ ಗುರುತಿಗೆ ಸಿಕ್ಕಿ ತವರನ್ನು ಸೇರುತ್ತಾಳೆ. ಅಲ್ಲಿಂದ ಹುಡುಕಾಟದ ಸೂತ್ರವೆಲ್ಲ ಅವಳ ಕೈಯಲ್ಲಿ. ಅವಳು ದೇಶದೇಶಗಳಿಗೆ ಬ್ರಾಹ್ಮಣರನ್ನು ಕಳಿಸಿ, ಅರ್ಧ ಸೀರೆಯನ್ನು ಕತ್ತರಿಸಿಕೊಂಡು ಹೋದ ಜೂಜುಗಾರನೆಲ್ಲಿ ಎಂಬ ಪ್ರಶ್ನೆಯನ್ನು ಸಭೆಸಭೆಯಲ್ಲಿ ಕೇಳಿಸುತ್ತಾಳೆ. ಕೇಳಿದವರಿಗೆಲ್ಲ ಅದು ಒಗಟು. ಒಬ್ಬನಿಗೆ ಮಾತ್ರ ಇರಿತ. ಟಾಂಗ್ ಕಥೆಯ ಮಂತ್ರವಾದಿ ಬೇಡಿದ, ಇಬ್ಬರಿಗೇ ತಿಳಿದ ಮಾತು ಇದೇ ಅಲ್ಲವೇ? ಅಲ್ಲಿ ಅದು ಒಲವಿನ ಆಣೆ, ಇಲ್ಲಿ ತೊರೆದುಹೋದ ರಾತ್ರಿಯ ನೆನಪು.

ಅಯೋಧ್ಯೆಯಲ್ಲಿ ಕುರೂಪಿ ಸಾರಥಿಯೊಬ್ಬ ಮರೆಯಲ್ಲಿ ಉತ್ತರಿಸಿದನೆಂದು ಪರ್ಣಾದನು ಸುದ್ದಿ ತರುತ್ತಾನೆ. ನಾಳೆಯೇ ದಮಯಂತಿಯ ಮರುಸ್ವಯಂವರವೆಂದು ಅವಳು ಋತುಪರ್ಣನಿಗೆ ಹೇಳಿಕಳಿಸುತ್ತಾಳೆ. ಒಂದೇ ದಿನದಲ್ಲಿ ಅಷ್ಟು ದೂರ ರಥವನ್ನು ಓಡಿಸಬಲ್ಲವನು ನಳನೊಬ್ಬನೇ. ರಥದ ಸದ್ದು ಕೇಳಿಯೇ ಅವಳ ಮನಸ್ಸು ಹೇಳುತ್ತದೆ. ಆದರೂ ನಂಬಿ ಓಡುವುದಿಲ್ಲ. ಕೇಶಿನಿಯೆಂಬ ದಾಸಿಯನ್ನು ಕಳಿಸುತ್ತಾಳೆ: ಅವನು ಬಂದರೆ ತಗ್ಗು ಬಾಗಿಲು ತಾನೇ ಎತ್ತರವಾಗುತ್ತದೆ, ನೋಡಿದೊಡನೆ ಬರಿಗೊಡ ತುಂಬುತ್ತದೆ, ಹಿಸುಕಿದ ಹೂ ಬಾಡುವುದಿಲ್ಲ. ಅವನು ಮಾಡಿದ ಅಡುಗೆಯನ್ನು ತರಿಸಿ ರುಚಿ ನೋಡುತ್ತಾಳೆ. ಕೊನೆಗೆ ಮಕ್ಕಳಿಬ್ಬರನ್ನು ಕಳಿಸುತ್ತಾಳೆ. ಅವನು ಅಪ್ಪಿಕೊಂಡು ಅಳುತ್ತಾನೆ. ತನ್ನ ಮಕ್ಕಳೂ ಹೀಗೆಯೇ ಇದ್ದರೆಂದು ನೆಪ ಹೇಳುತ್ತಾನೆ. ಒಂದೊಂದು ಸಾಕ್ಷಿಯನ್ನೂ ತೂಗಿ ಮುಂದುವರಿಯುವ ಈ ಶಾಂತಬುದ್ಧಿಯ ಪತ್ತೇದಾರಿಣಿಗೆ ಜಗತ್ತಿನ ಸಾಹಿತ್ಯದಲ್ಲಿ ಸರಿದೊರೆ ವಿರಳ.

ರಹಸ್ಯ ಬಿಡಿಸಿತು. ಪಾಪ ತೀರಿತೇ? ಎದುರಾದಾಗ ದಮಯಂತಿ ಕೇಳುವ ಪ್ರಶ್ನೆಗೆ ನಳನ ಉತ್ತರ ಇಷ್ಟೇ: ಅದು ತನ್ನ ಕೆಲಸವಲ್ಲ, ಕಲಿಯ ಕೆಲಸ. ಅಷ್ಟಕ್ಕೆ ನಿಲ್ಲದೆ, ಮರುಮದುವೆಗೆ ಹೊರಟವಳೆಂದು ಅವಳನ್ನೇ ಆಕ್ಷೇಪಿಸುತ್ತಾನೆ. ಈ ಭಾಗವನ್ನು ಪಾಠ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು, “ಕುಡಿದು ಬಂದವರೂ ಹಿಂಗ ಅಂತಾರಲ್ರೀ ಸರ್, ನಾ ಹೊಡದಿಲ್ಲ, ಕುಡತ ಹೊಡೀತು ಅಂತ?” ಎಂದಳು. ತರಗತಿ ನಗಲಿಲ್ಲ. ಇಸ್ಪೀಟಿನಲ್ಲಿ ಹೊಲ ಕಳೆದವರನ್ನೂ, ಈಗ ಮೊಬೈಲಿನ ಜೂಜಿನಲ್ಲಿ ಸಂಬಳ ಕಳೆಯುವವರನ್ನೂ ಆ ಮಕ್ಕಳು ಬಲ್ಲರು. ಅವಳ ಪ್ರಶ್ನೆಯನ್ನು ಅಲಂಕಾರಶಾಸ್ತ್ರದಿಂದ ಮುಚ್ಚಿಡುವುದು ನ್ಯಾಯವಲ್ಲ. ನಿರಪರಾಧಿಯಾದ ದಮಯಂತಿಯೇ ಆಣೆಯಿಡಬೇಕಾಗುತ್ತದೆ; ವಾಯುದೇವನು ಸಾಕ್ಷಿ ನುಡಿಯಬೇಕಾಗುತ್ತದೆ. ತೊರೆದುಹೋದವನಿಂದ ಅಂಥ ಸಾಕ್ಷಿಯನ್ನು ಯಾರೂ ಕೇಳುವುದಿಲ್ಲ. ಈ ಅಸಮತೆ ನಮ್ಮ ಮನಸ್ಸನ್ನು ಚುಚ್ಚಿದರೆ ಚುಚ್ಚಲಿ. ಮೂಲಕವಿಯೂ ಅದನ್ನು ಮರೆಮಾಡಿಲ್ಲ.

ಆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸಬಾರದು. ಕಲಿ ನಳನನ್ನು ಬಿಟ್ಟುದು ಹೇಗೆಂಬುದನ್ನು ನೆನೆಯಬೇಕು. ವಿದರ್ಭದ ದಾರಿಯಲ್ಲಿ ತಾರೆಯ ಮರವೊಂದನ್ನು ತೋರಿಸಿ ಋತುಪರ್ಣನು, ಅದರ ಎರಡು ಕೊಂಬೆಗಳಲ್ಲಿ 2095 ಕಾಯಿಗಳಿವೆಯೆಂದು ನೋಡಿದೊಡನೆ ಹೇಳಿದನು. ನಳನು ರಥ ನಿಲ್ಲಿಸಿ ಎಣಿಸಿದನು, ಲೆಕ್ಕ ಸರಿಯಾಗಿತ್ತು. ಹಿಂದಿನ ಕಾಲದಲ್ಲಿ ಜೂಜಿನ ದಾಳಗಳಾಗಿ ಬಳಕೆಯಾಗುತ್ತಿದ್ದುದು ಈ ತಾರೆಕಾಯಿಗಳೇ. ತನ್ನನ್ನು ಕೆಡಿಸಿದ ಕಾಯಿಯನ್ನು ನಳನು ಮೊದಲ ಬಾರಿಗೆ ಪಣವಿಲ್ಲದೆ, ಕಣ್ಣು ತೆರೆದು ಎಣಿಸುತ್ತಾನೆ. ಕುದುರೆಯ ವಿದ್ಯೆಗೆ ಪ್ರತಿಯಾಗಿ ಅಕ್ಷಹೃದಯವೆಂಬ ದಾಳದ ವಿದ್ಯೆಯನ್ನು ಕಲಿಯುತ್ತಾನೆ. ಆ ಕ್ಷಣದಲ್ಲಿ ಕಲಿ ವಿಷವನ್ನು ಕಾರುತ್ತ ಅವನ ಮೈಯಿಂದ ಹೊರಗೆ ಬರುತ್ತಾನೆ. ಮೋಹ ಬಿಡುವುದು ಆಣೆಯಿಂದಲ್ಲ, ಅರಿವಿನಿಂದ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ರೂಪಕವನ್ನು ನಾನು ಕಾಣೆ. ಹೊರಬಂದ ಕಲಿಯನ್ನು ಶಪಿಸಲು ನಳನು ಮುಂದಾಗಿ, ಅವನು ಕೈಮುಗಿದುದರಿಂದ ಸಿಟ್ಟನ್ನು ನುಂಗುತ್ತಾನೆ.

ಕೊನೆಯ ಘಟ್ಟ ಇನ್ನೂ ಹಿರಿದು. ಅಗಲಿದ ನಾಲ್ಕನೆಯ ವರ್ಷ ಹೆಂಡತಿಯನ್ನು ಕೂಡಿದ ನಳನು ನಿಷಧಕ್ಕೆ ಮರಳಿ ಪುಷ್ಕರನನ್ನು ಅದೇ ಪಗಡೆಯ ಮುಂದೆ ಕೂಡಿಸಿ ಗೆಲ್ಲುತ್ತಾನೆ. ಸೋತ ತಮ್ಮನ ಪ್ರಾಣ ಅವನ ಕೈಯಲ್ಲಿದೆ. ಆಗ ಅವನು ಆಡುವ ಮಾತಿನ ಸಾರ ಇದು: ಹಿಂದೆ ತನ್ನನ್ನು ಗೆದ್ದವನು ಪುಷ್ಕರನಲ್ಲ, ಕಲಿ, ಇನ್ನೊಬ್ಬನ ತಪ್ಪನ್ನು ತಮ್ಮನ ತಲೆಗೆ ಕಟ್ಟಲಾರೆ. ತಮ್ಮನ ಪಾಲನ್ನು ಅವನಿಗೇ ಬಿಟ್ಟು, ಅಪ್ಪಿ, ಅವನ ಊರಿಗೆ ಕಳಿಸಿಕೊಡುತ್ತಾನೆ.

ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ದೊರೆಯುವುದು ಇಲ್ಲಿ. ಕಲಿಯ ಕೆಲಸವೆಂಬ ಮಾತು ದಮಯಂತಿಯ ಮುಂದೆ ನೆಪವಾಗಿತ್ತು. ಪುಷ್ಕರನ ಮುಂದೆ ಅದೇ ಮಾತು ಧರ್ಮವಾಯಿತು. ತನಗೆ ಬೇಡಿದ ಕ್ಷಮೆಯನ್ನು ತನಗೆ ಕೇಡು ಬಗೆದವನಿಗೂ ಅದೇ ಅಳತೆಯಲ್ಲಿ ಅಳೆದುಕೊಡುವವರೆಗೆ ಬೇಡಿದವನ ಮಾತಿಗೆ ಬೆಲೆಯಿಲ್ಲ. ಕುಡಿತವನ್ನು ದೂರುವವನು ಮನೆಗೆ ಬಂದು ಮಡದಿಯ ಸಣ್ಣ ತಪ್ಪನ್ನೂ ಮನ್ನಿಸನು. ಆದುದರಿಂದ ಅವನದು ನೆಪ. ನಳನು ಮನ್ನಿಸಿದನು, ಆದುದರಿಂದ ಅವನಿಗೆ ಬಿಡುಗಡೆ.

ಮಾವೈಯ ಅರಸನಿಗೆ ಈ ಅವಕಾಶ ದೊರೆಯಲಿಲ್ಲ. ಅವನ ಕೈಗೆ ಬಂದುದು ಮುರಿದ ಮುಡಿಯ ಕಡ್ಡಿ ಮಾತ್ರ. ಸತ್ತವರ ಮುಂದೆ ಪಶ್ಚಾತ್ತಾಪಕ್ಕೆ ಕಾವ್ಯವೊಂದೇ ಗತಿ. ಬದುಕಿರುವವರ ಮುಂದೆ ಅದಕ್ಕೆ ಕೆಲಸವುಂಟು: ಕಾಯಿಗಳನ್ನು ಎಣಿಸುವ ಕೆಲಸ, ಸೋಲಿಸಿದ ಪಗಡೆಯ ಮುಂದೆ ಕುಳಿತು ಏಳುವ ಕೆಲಸ, ತಮ್ಮನನ್ನು ಅಪ್ಪಿಕೊಳ್ಳುವ ಕೆಲಸ. ಬಾಡದ ಕವಿ ಒಂಬತ್ತು ಸಂಧಿಗಳಲ್ಲಿ ಈ ಕಥೆಯನ್ನು ನಮ್ಮ ನುಡಿಗೆ ಒಪ್ಪಿಸಿಕೊಟ್ಟರು. ಟಾಂಗರ ಅರಮನೆಯ ಕಥೆಗೆ ಮನಸೋತ ತರುಣ ವಾಚಕರು ಒಮ್ಮೆ ಅದನ್ನೂ ತೆರೆದು ನೋಡಲಿ. ಅಲ್ಲಿ ಕಳೆದುಹೋದ ಒಲವನ್ನು ಹುಡುಕಿ ತಂದವಳು ಒಬ್ಬ ಹೆಣ್ಣುಮಗಳು. ಹುಡುಕಿ ತಂದುದಕ್ಕೆ ತಕ್ಕವನಾಗಲು ಕಲಿತವನು ಅವಳ ಗಂಡ.