ಟೈಟಾನ್ ರಾಗಕ್ಕೆ ಇನ್ನೂರೈವತ್ತು ದಾಟಿದ ವಯಸ್ಸು

ನಿಮಗಿದು ಗೊತ್ತೆ?

ದೂರದರ್ಶನದ ಕಾಲದಲ್ಲಿ ಬೆಳೆದವರಿಗೆ ಟೈಟಾನ್ ಕೈಗಡಿಯಾರದ ಜಾಹೀರಾತು ನೆನಪಿರಲೇಬೇಕು. ಸಂಗೀತವೇ ಅದರ ಜೀವಾಳ. ಅಡುಗೆಮನೆಯಲ್ಲಿದ್ದವರಿಗೂ ಟೀವಿಯಲ್ಲಿ ಏನು ಬಂತೆಂದು ರಾಗ ಕೇಳಿಯೇ ತಿಳಿಯುತ್ತಿತ್ತು. ಟೈಟಾನ್ ಕಂಪನಿಗೆ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ, ಪಕ್ಕದ ಹೊಸೂರಿನಲ್ಲಿ ಕಾರ್ಖಾನೆ. ಹಾಗಾಗಿ ನಮಗದು ಊರಿನದೇ ರಾಗ ಅನ್ನಿಸಿದ್ದರೆ ಸಹಜ.

ಆದರೆ ಅದು ಮೊಜಾರ್ಟನ 25ನೇ ಸಿಂಫನಿಯಿಂದ ಆಯ್ದುಕೊಂಡದ್ದು. ಈಗಿನ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ 1773ರಲ್ಲಿ ಅದನ್ನು ರಚಿಸಿದಾಗ ಆತನಿಗೆ ಬರೀ 17 ವರ್ಷ! ಕ್ರಮಸಂಖ್ಯೆ ಪಡೆದ ಆತನ 41 ಸಿಂಫನಿಗಳಲ್ಲಿ ಮೈನರ್ ಸ್ವರಶ್ರೇಣಿಯವು ಎರಡೇ: ಇದು ಮತ್ತು 40ನೆಯದು. ಮೊಜಾರ್ಟ್ ಕುರಿತ ‘ಅಮೇಡಿಯಸ್’ (1984) ಚಿತ್ರದ ಆರಂಭದಲ್ಲೂ ಇದೇ ಸಿಂಫನಿ ಮೊಳಗುತ್ತದೆ.

ಅಂದಿನ ಟೀವಿ ಸಂಗೀತವನ್ನು ಹಗುರವಾಗಿ ಕಾಣುವಂತಿಲ್ಲ. ದೂರದರ್ಶನದ ಸಂಕೇತ ರಾಗ ಪಂಡಿತ್ ರವಿಶಂಕರ್ ಅವರದು. ‘ರೋಜಾ’ಗೆ ಮುನ್ನ ಎ.ಆರ್. ರೆಹಮಾನ್ ಜಾಹೀರಾತುಗಳಿಗೇ ರಾಗ ಹಾಕುತ್ತಿದ್ದರು. ಶಾಸ್ತ್ರೀಯ ಸಂಗೀತದ ಗಂಧವಿಲ್ಲದ ಮನೆಗಳಿಗೂ ಮೊಜಾರ್ಟ್, ರವಿಶಂಕರ್ ತಲುಪಿದ್ದು ಈ ದಾರಿಯಲ್ಲೇ.

ಬಿಡುವಾದಾಗ 25ನೇ ಸಿಂಫನಿಯನ್ನು ಪೂರ್ತಿ ಕೇಳಿ, ಮಕ್ಕಳಿಗೂ ಕೇಳಿಸಿ.