ರಜೆಗೆ ಕಾರಣ: ವೈರಲ್ ಫೀವರ್

ಪುಣೆಯ ಹಿಂಜವಡಿಯಲ್ಲಿ ನಾನು ಮೊದಲು ಕೆಲಸ ಮಾಡುತ್ತಿದ್ದ ಕಂಪನಿಯ ರಜೆ ಪೋರ್ಟಲ್‌ನಲ್ಲಿ 'ಬಿರೀವ್‌ಮೆಂಟ್ ಲೀವ್' ಅಂತ ಒಂದಿತ್ತು. ಮನೆಯಲ್ಲಿ ಸಾವಾದರೆ ತೆಗೆದುಕೊಳ್ಳುವ ರಜೆ. ಅದನ್ನು ಒತ್ತಿದರೆ, ತೀರಿಕೊಂಡವರು ನಿಮಗೆ ಏನಾಗಬೇಕು ಅಂತ ಕೇಳುತ್ತಿತ್ತು: ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಗು. ಅದರ ಕೆಳಗೆ ಹೆಸರು ಬರೆಯುವ ಜಾಗ. ಖಾಲಿ ಬಿಟ್ಟರೆ ಮುಂದಕ್ಕೇ ಹೋಗುತ್ತಿರಲಿಲ್ಲ. 11ನೇ ವಾರದಲ್ಲಿ ಎದೆಬಡಿತ ನಿಂತ ಕೂಸಿಗೆ ಎಲ್ಲಿಂದ ಹೆಸರು ತರಲಿ? ಆ ಪುಟ ಮುಚ್ಚಿ, ಸಿಕ್ ಲೀವ್ ಆರಿಸಿ, 'ವೈರಲ್ ಫೀವರ್' ಅಂತ ಬರೆದೆ. ಮೂರು ದಿನ.

ನಾಲ್ಕನೇ ದಿನ ಬೆಳಗ್ಗೆ ಸ್ಟ್ಯಾಂಡಪ್ ಕಾಲ್‌ನಲ್ಲಿ ಕೂತಿದ್ದೆ. ರಕ್ತ ಹೋಗುವುದು ಇನ್ನೂ ನಿಂತಿರಲಿಲ್ಲ. ಡೆಂಗ್ಯೂ ಟೆಸ್ಟ್ ಮಾಡಿಸಿದೆಯಾ ಎಂದು ಟೀಮಿನವರು ಕಾಳಜಿಯಿಂದಲೇ ಕೇಳಿದರು. ಮಾಡಿಸಿದೆ, ನೆಗೆಟಿವ್ ಅಂದೆ.

ಯಾಕೆ ಸುಳ್ಳು ಹೇಳಿದೆ ಅಂತ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅಪ್ರೈಸಲ್ ಹತ್ತಿರ ಬಂದಿತ್ತು, ಅದೂ ಒಂದು. ಆದರೆ ಮುಖ್ಯ ಕಾರಣ ಅದಲ್ಲ. "ಮೂರು ತಿಂಗಳು ತುಂಬೋವರೆಗೂ ಯಾರ ಹತ್ರನೂ ಬಾಯಿ ಬಿಡಬೇಡ ಕಣೇ, ಕಣ್ಣು ಬೀಳುತ್ತೆ" ಅಂತ ಅಮ್ಮ ಹಾಸನದಿಂದ ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದರು. ನಮ್ಮೆಲ್ಲರ ಮನೆಯಲ್ಲೂ ಇರುವ ಮಾತೇ. ಬಸಿರಾದ ಸುದ್ದಿಯನ್ನೇ ಹೇಳದವಳು ಅದು ಹೋದ ಸುದ್ದಿಯನ್ನು ಎಲ್ಲಿಂದ ಶುರು ಮಾಡಿ ಹೇಳುವುದು? ನನ್ನ ಗಂಡ ಒಂದು ದಿನ ಸಿಎಲ್ ಹಾಕಿದ್ದ, 'ಪರ್ಸನಲ್ ವರ್ಕ್' ಅಂತ. ಆಸ್ಪತ್ರೆಯ ಕಾರಿಡಾರಿನಲ್ಲಿ ಲ್ಯಾಪ್‌ಟಾಪ್ ತೆರೆದು ಮೇಲ್‌ಗಳಿಗೆ ಉತ್ತರ ಬರೆಯುತ್ತಿದ್ದ. ಅವನಿಗೂ ದುಃಖ ಇದೆ ಅಂತ ನನಗೆ ಹೊಳೆಯಲು ಬಹಳ ದಿನ ಬೇಕಾಯಿತು.

ಆಗ ನನಗೆ ಗೊತ್ತಿರಲಿಲ್ಲ, ನಮ್ಮ ಎಚ್‌ಆರ್ ಕೂಡ ಯಾವತ್ತೂ ಹೇಳಿರಲಿಲ್ಲ: ಗರ್ಭಪಾತವಾದ ಮಹಿಳೆಗೆ ಮರುದಿನದಿಂದಲೇ ಆರು ವಾರ ಸಂಬಳಸಹಿತ ರಜೆ ಕೊಡಬೇಕು ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತಿತ್ತು. ನಾನು ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಕಾಯ್ದೆ! 26ನೇ ವಾರದವರೆಗೆ ಗರ್ಭ ಹೋದರೂ ಇದು ಅನ್ವಯ. ವೈದ್ಯರ ದಾಖಲೆ ಕೊಡಬೇಕು. ಅದರಿಂದಾಗಿ ಕಾಯಿಲೆ ಬಿದ್ದರೆ ಇನ್ನೊಂದು ತಿಂಗಳವರೆಗೆ ರಜೆ ಉಂಟು. ಆ ಆರು ವಾರ ಅವಳಿಂದ ಗೊತ್ತಿದ್ದೂ ಕೆಲಸ ಮಾಡಿಸುವಂತಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಆರು ವಾರ ಹಾಗೆಯೇ ಇದೆ. 2017ರಲ್ಲಿ ಹೆರಿಗೆ ರಜೆ 26 ವಾರಕ್ಕೆ ಏರಿದ್ದು ನಮಗೆಲ್ಲ ಬಾಯಿಪಾಠ. ಈ ಆರು ವಾರದ ಸುದ್ದಿ ಮಾತ್ರ ಯಾರ ಬಾಯಲ್ಲೂ ಕೇಳಿದ್ದಿಲ್ಲ.

ಆದರೂ ಕಾನೂನಿನ ಕಣ್ಣಿಗೆ ಇದು ದೇಹದ ವಿಷಯ ಮಾತ್ರ. ಅಪ್ಪನಿಗೆ ಅದರಲ್ಲಿ ಒಂದು ದಿನವೂ ಇಲ್ಲ. ನ್ಯೂಜಿಲೆಂಡ್ 2021ರಲ್ಲಿ ಇದನ್ನು ಸಾವಿನ ರಜೆಗೇ ಸೇರಿಸಿತು. ತಾಯಿಗೂ ಸಂಗಾತಿಗೂ ಮೂರು ಮೂರು ದಿನ. ಮೂರು ದಿನ ಯಾವ ಮೂಲೆಗೆ ಅಂತ ನನಗಿಂತ ಚೆನ್ನಾಗಿ ಯಾರು ಹೇಳಬಲ್ಲರು! ಆದರೆ ಅಲ್ಲಿ ಯಾರೂ ವೈರಲ್ ಫೀವರ್ ಅಂತ ಬರೆಯಬೇಕಿಲ್ಲ.

ಕಳೆದ ವರ್ಷ ನನ್ನ ಟೀಮಿನ ಹುಡುಗಿಯೊಬ್ಬಳು ಫೋನ್ ಮಾಡಿ, ಎರಡು ದಿನ ಸಿಕ್ ಲೀವ್ ಬೇಕು ಅಂದಳು. ಏನಾಯಿತು ಅಂತ ನಾನು ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೇ ಹೇಳಿದಳು. (ಅವಳು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.) ಎರಡು ದಿನವಲ್ಲ, ಆರು ವಾರ ಅಂದೆ. ನಂಬಲಿಲ್ಲ. ಪೋರ್ಟಲ್‌ನಲ್ಲಿ ಅಂಥ ಆಯ್ಕೆಯೇ ಇಲ್ಲ ಎಂದು ಎಚ್‌ಆರ್‌ನವರು ಬರೆದರು. ಸೆಕ್ಷನ್ ನಂಬರ್ ಹಾಕಿ, ಡಿಸ್ಚಾರ್ಜ್ ಸಮರಿ ಲಗತ್ತಿಸಿ ಮತ್ತೆ ಮೇಲ್ ಕಳಿಸಿದೆವು. ಎರಡು ದಿನಕ್ಕೆ ಮಂಜೂರಾಯಿತು.

ರಜೆ ಮುಗಿಸಿ ಬಂದ ದಿನ ಇಬ್ಬರೂ ಕ್ಯಾಂಟೀನಿನಲ್ಲಿ ಚಹಾ ಕುಡಿದೆವು. ಅವಳ ಗಂಡ ಮೂರನೇ ದಿನಕ್ಕೇ ಆಫೀಸಿಗೆ ಹೋಗಿದ್ದನಂತೆ. ಅವನು ಏನು ಕಾರಣ ಬರೆದಿದ್ದ ಅಂತ ನಾನು ಕೇಳಲಿಲ್ಲ.