ಡೆಡ್ ಅಂದರು, ಏನು ಹೋಗಿದೆ ಅನ್ನಲಿಲ್ಲ

ಕಳೆದ ಡಿಸೆಂಬರಿನ ಒಂದು ಗುರುವಾರ ಬೆಳಿಗ್ಗೆ ಲ್ಯಾಪ್‌ಟಾಪಿನ ಗುಂಡಿ ಒತ್ತಿದೆ. ದೀಪ ಹತ್ತಲಿಲ್ಲ, ಫ್ಯಾನ್ ತಿರುಗಲಿಲ್ಲ. ಒಳಗೆ ಹುಡುಗಿಯೊಬ್ಬಳ 212 ಪುಟದ ಪಿಎಚ್.ಡಿ. ಪ್ರಬಂಧವಿತ್ತು. ಎರಡು ಸಲ ಕರಡು ತಿದ್ದಿ, ಅಡಿಟಿಪ್ಪಣಿಗಳನ್ನೆಲ್ಲ ಕೂರಿಸಿ ಮುಗಿಸಿದ್ದೆ. ಸೋಮವಾರ ಆ ಹುಡುಗಿ ಅದನ್ನು ವಿಶ್ವವಿದ್ಯಾಲಯಕ್ಕೆ ಸಲ್ಲಿಸಬೇಕಿತ್ತು.

ತುಮಕೂರಿನಲ್ಲಿ 19 ವರ್ಷದಿಂದ ಡಿಟಿಪಿ ಮಾಡಿಕೊಂಡು ಬಂದವಳು ನಾನು. ಲಗ್ನಪತ್ರಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ, ಕವನ ಸಂಕಲನ, ಪ್ರಬಂಧ, ಎಲ್ಲವೂ ನುಡಿ ತಂತ್ರಾಂಶದಲ್ಲೇ. ಈ ಲ್ಯಾಪ್‌ಟಾಪ್ 2018ರಲ್ಲಿ 46,000 ರೂಪಾಯಿ ಕೊಟ್ಟು ತಂದದ್ದು. ಅದರ ದುಡಿಮೆಯಲ್ಲೇ ಮಗನ ಡಿಪ್ಲೊಮಾ ಮುಗಿಯಿತು.

ಅಂಗಡಿಗೆ ಹೊರಡುವ ಮೊದಲು ಮನೆಯಲ್ಲೇ ಮಾಡಿ ನೋಡಬೇಕಾದ ನಾಲ್ಕು ಕೆಲಸಗಳಿವೆ. ಚಾರ್ಜರ್ ತೆಗೆದು, ಬ್ಯಾಟರಿ ಕಳಚುವಂಥದ್ದಾದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಒಳಗೆ ಉಳಿದ ವಿದ್ಯುತ್ ಇಳಿದುಹೋಗಿ ಎಷ್ಟೋ ಯಂತ್ರಗಳು ಇಷ್ಟಕ್ಕೇ ಏಳುತ್ತವೆ. ಆಮೇಲೆ ಅದೇ ವೋಲ್ಟಿನ, ಅದೇ ಪಿನ್ನಿನ ಬೇರೆ ಚಾರ್ಜರ್ ಚುಚ್ಚಿ ನೋಡಬೇಕು. ಫ್ಯಾನಿನ ಸದ್ದು ಕೇಳುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ, ಕತ್ತಲೆಯಲ್ಲಿ ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಬೇಕು. ಮಸುಕಾಗಿ ಅಕ್ಷರ ಕಂಡರೆ ಹೋಗಿರುವುದು ಪರದೆಯ ಹಿಂಬೆಳಕು, ಯಂತ್ರ ಬದುಕಿದೆ. ದೀಪ ಹತ್ತಿ, ಬೀಪ್ ಬೀಪ್ ಎಂದು ನಿಂತುಬಿಟ್ಟರೆ ಬಹಳ ಸಲ ರ‍್ಯಾಮಿನದೇ ತಕರಾರು. ಬಿಚ್ಚಿ, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಕೂರಿಸಿದರೆ ಸರಿಹೋಗುವುದುಂಟು. ತಳ ಉಬ್ಬಿಕೊಂಡು ಟಚ್‌ಪ್ಯಾಡ್ ಮೇಲೆದ್ದಿದ್ದರೆ ಮಾತ್ರ ಏನೂ ಮಾಡಬಾರದು. ಅದು ಬ್ಯಾಟರಿ ಊದಿರುವುದು. ಒತ್ತಿದರೆ, ಚುಚ್ಚಿದರೆ ಬೆಂಕಿ ಹತ್ತಬಹುದು.

ಇದರಲ್ಲಿ ನನ್ನ ಯಂತ್ರಕ್ಕೆ ಹೊಂದುವುದೆಲ್ಲ ಮಾಡಿದೆ, ಏಳಲಿಲ್ಲ. ಒಂದು ವಿಷಯ ಮಾತ್ರ ಗಮನಕ್ಕೆ ಬಂತು. ಗೋಡೆಗೆ ಹಾಕಿದ ಚಾರ್ಜರಿನ ಹಸಿರು ದೀಪ, ಪಿನ್ನನ್ನು ಲ್ಯಾಪ್‌ಟಾಪಿಗೆ ಚುಚ್ಚಿದ ತಕ್ಷಣ ಆರುತ್ತಿತ್ತು, ತೆಗೆದರೆ ಸ್ವಲ್ಪ ಹೊತ್ತಿಗೆ ಮತ್ತೆ ಹತ್ತುತ್ತಿತ್ತು.

ಊರಿನ ಒಂದು ಅಂಗಡಿಯಲ್ಲಿ ಹತ್ತು ನಿಮಿಷ ನೋಡಿ ಹೇಳಿದರು: "ಮದರ್‌ಬೋರ್ಡ್ ಡೆಡ್ ಆಗಿದೆ ಮೇಡಂ. ಬೋರ್ಡೇ ಬದಲಿಸ್ಬೇಕು, 18 ಸಾವಿರ ಆಗುತ್ತೆ. ಅದಕ್ಕಿಂತ ಹೊಸದು ತಗೊಂಬಿಡಿ, ಇಎಂಐ ಮಾಡಿಕೊಡ್ತೀವಿ." ಬೋರ್ಡಿನಲ್ಲಿ ಏನು ಹೋಗಿದೆ ಅಂತ ಕೇಳಿದೆ. "ಬೋರ್ಡೇ ಹೋಗಿದೆ" ಅಂದರು. ಚಾರ್ಜರಿನ ದೀಪದ ವಿಷಯ ಹೇಳಿದ್ದಕ್ಕೆ ಅವರು ಕಿವಿಗೊಡಲಿಲ್ಲ.

ನನಗೆ ಸಮಾಧಾನವಾಗಲಿಲ್ಲ. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಯ ವೈರು ಒಳಗೇ ತಾಗಿಕೊಂಡರೆ ಎಂಸಿಬಿ ಬಿದ್ದು ಇಡೀ ಮನೆ ಕತ್ತಲಾಗುತ್ತದೆ. ಮನೆ ಹಾಳಾಗಿದೆ, ಹೊಸ ಮನೆ ಕಟ್ಟಿಸಿ ಅಂತ ಯಾವ ಎಲೆಕ್ಟ್ರಿಷಿಯನ್ನೂ ಹೇಳುವುದಿಲ್ಲ.

ಶುಕ್ರವಾರ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಚಿಕ್ಕಪೇಟೆ ಒಂದೇ ನಿಲ್ದಾಣ. ಅಲ್ಲಿಂದ ನಡೆದರೆ ಎಸ್.ಪಿ. ರೋಡು. ಸಾದರ ಪತ್ರಪ್ಪ ರಸ್ತೆ ಎಂಬುದು ಅದರ ಪೂರ್ತಿ ಹೆಸರು, ಬಾಯಲ್ಲಿ ಉಳಿದಿರುವುದು ಈ ಎರಡಕ್ಷರ. ಕೇಬಲ್ಲು, ಕೀಬೋರ್ಡು, ಹಳೆಯ ಸರ್ವರುಗಳ ರಾಶಿಯ ನಡುವೆ ಮೇಲಿನ ಮಹಡಿಗಳಲ್ಲಿ 'ಚಿಪ್ ಲೆವೆಲ್ ಸರ್ವಿಸ್' ಎಂಬ ಬೋರ್ಡುಗಳು ಕಾಣುತ್ತವೆ. ಬೋರ್ಡನ್ನೇ ಬದಲಿಸದೆ, ಬೋರ್ಡಿನ ಮೇಲಿನ ಬಿಡಿ ಭಾಗ ಹುಡುಕಿ ಬದಲಿಸುವವರು ಇವರು. ಒಂದು ಕಡಿದಾದ ಮೆಟ್ಟಿಲು ಹತ್ತಿದೆ. ಇಪ್ಪತ್ತೈದರ ಆಸುಪಾಸಿನ ಹುಡುಗನೊಬ್ಬ ಮೈಕ್ರೊಸ್ಕೋಪಿನ ಮುಂದೆ ಕೂತಿದ್ದ. ಚಾರ್ಜರಿನ ದೀಪ ಆರುವ ಕಥೆ ಹೇಳುತ್ತಿದ್ದಂತೆ ತಲೆಯೆತ್ತಿದ.

"ಹಂಗಾದ್ರೆ ಶಾರ್ಟ್ ಇದೆ ಅಕ್ಕ. ಕೂತ್ಕೊಳ್ಳಿ, ನಿಮ್ಮ ಮುಂದೇನೇ ನೋಡ್ತೀನಿ."

ಆಮೇಲೆ ಕಂಡದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಬೋರ್ಡನ್ನು ಕಳಚಿ ಮೇಜಿನ ಮೇಲಿಟ್ಟ. ಮಲ್ಟಿಮೀಟರಿನ ಒಂದು ಮುಳ್ಳನ್ನು ಗ್ರೌಂಡಿಗೆ, ಇನ್ನೊಂದನ್ನು ಚಾರ್ಜರಿನ 19 ವೋಲ್ಟ್ ಒಳಬರುವ ದಾರಿಗೆ ತಾಗಿಸಿದ. ಕುಯ್ಯೋ ಎಂದಿತು. ಎರಡೂ ಒಂದಕ್ಕೊಂದು ಕೂಡಿಕೊಂಡಿವೆ, ಅದಕ್ಕೇ ಚಾರ್ಜರ್ ತನ್ನನ್ನು ಕಾಪಾಡಿಕೊಳ್ಳಲು ಆರಿಹೋಗುತ್ತಿದೆ. ಆ ದಾರಿಯುದ್ದಕ್ಕೂ ಹತ್ತಾರು ಕೆಪಾಸಿಟರುಗಳಿವೆ. ಎಲ್ಲವೂ ನೋಡಲು ಒಂದೇ ಥರ, ಒಂದೊಂದೂ ಎಳ್ಳುಕಾಳಿನಷ್ಟು. ಕೆಟ್ಟದ್ದು ಯಾವುದು?

ಬೇರೆ ಯಂತ್ರದಿಂದ ಆ ದಾರಿಗೆ ಒಂದೇ ವೋಲ್ಟ್ ಬಿಟ್ಟ. ಅಷ್ಟಕ್ಕೇ ನಾಲ್ಕು ಆಂಪಿಯರ್ ಎಳೆಯಿತು. ಸಣ್ಣ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಬೋರ್ಡಿನ ಮೇಲೆ ಸವರಿದ. ಇಡೀ ಜಾಗ ಒದ್ದೆಯಾಗಿ ಮಿನುಗಿತು. ಇಬ್ಬರೂ ಉಸಿರು ಬಿಗಿಹಿಡಿದು ಬಾಗಿದೆವು. ಅಂಗಳಕ್ಕೆ ನೀರು ಹಾಕಿದಾಗ ಬಿಸಿಲು ಬಿದ್ದ ಕಡೆ ಮೊದಲು ಆರುವಂತೆ, ಎಲ್ಲ ಒದ್ದೆಯಿರುವಾಗ ಒಂದು ಕೆಪಾಸಿಟರಿನ ತಲೆ ಮಾತ್ರ ಕ್ಷಣದಲ್ಲಿ ಒಣಗಿತು. ಕರೆಂಟೆಲ್ಲ ಅದರ ಮೂಲಕವೇ ಹರಿದು ಅದು ಕಾಯುತ್ತಿತ್ತು. ಬಿಸಿಗಾಳಿಯ ಗನ್ ಹಿಡಿದು, ಚಿಮಟದಿಂದ ಎತ್ತಿದ. ಮತ್ತೆ ಮೀಟರ್ ತಾಗಿಸಿದ, ಸದ್ದಿಲ್ಲ. ಹಳೆಯ ಬೋರ್ಡೊಂದರಿಂದ ಅದೇ ಅಳತೆಯದನ್ನು ತೆಗೆದು ಬೆಸುಗೆ ಹಾಕಿದ. ಗುಂಡಿ ಒತ್ತಿದಾಗ ಫ್ಯಾನ್ ತಿರುಗಿದ ಸದ್ದಿಗೆ ನನ್ನ ಕಣ್ಣು ತುಂಬಿತು.

2,800 ರೂಪಾಯಿ ತೆಗೆದುಕೊಂಡ, ಮೂರು ತಿಂಗಳ ಗ್ಯಾರಂಟಿ ಬರೆದುಕೊಟ್ಟ. ಕೆಟ್ಟ ತುಣುಕನ್ನು ಸೆಲ್ಲೋಟೇಪಿಗೆ ಅಂಟಿಸಿ ಕೈಗಿಟ್ಟ.

ರಿಪೇರಿಯೋ ಹೊಸದೋ ಎಂದು ಯಾರಾದರೂ ಕೇಳಿದರೆ ಅಂದಿನಿಂದ ನಾನು ಮೊದಲು ಕೇಳುವುದು ಒಂದೇ: ಯಾವ ಭಾಗ ಹೋಗಿದೆ ಅಂತ ಹೇಳಿದರಾ? ಭಾಗದ ಹೆಸರಿಲ್ಲದೆ ಹೇಳಿದ ಬೆಲೆಯ ಮೇಲೆ ಯಾವ ತೀರ್ಮಾನವನ್ನೂ ಮಾಡಬೇಡಿ. ತಪಾಸಣೆಗೆಂದು ಇನ್ನೂರು ಮುನ್ನೂರು ರೂಪಾಯಿ ಬೇರೆಯಾಗಿ ಕೇಳಿದರೂ ಕೊಡಿ, ಅದು ನಷ್ಟವಲ್ಲ.

ಭಾಗ ಗೊತ್ತಾದ ಮೇಲೆ ನನ್ನದು ಸರಳ ಲೆಕ್ಕ. ರಿಪೇರಿ ಖರ್ಚನ್ನು, ಆಮೇಲೆ ಯಂತ್ರ ಎಷ್ಟು ವರ್ಷ ಬಾಳಬಹುದೋ ಅದರಿಂದ ಭಾಗಿಸುವುದು. 2,800 ರೂಪಾಯಿಗೆ ಎರಡು ವರ್ಷ ಬಂದರೆ ವರ್ಷಕ್ಕೆ 1,400. ಹೊಸದು 48,000, ಆರು ವರ್ಷ ಬಾಳಿದರೆ ವರ್ಷಕ್ಕೆ 8,000. ಊರಿನ ಅಂಗಡಿಯ 18,000ಕ್ಕೆ ಎರಡೇ ವರ್ಷ ಸಿಕ್ಕರೆ ವರ್ಷಕ್ಕೆ 9,000. ಆ ಬೆಲೆಗೆ ಹೊಸದೇ ಸರಿ ಅಂದದ್ದು ಸುಳ್ಳಲ್ಲ. ತಪ್ಪಿದ್ದದ್ದು ಆ ಬೆಲೆಯಲ್ಲೇ.

ಎಷ್ಟು ವರ್ಷ ಬಾಳುತ್ತದೆ ಎನ್ನುವುದಕ್ಕೆ ಈಗ ಇನ್ನೊಂದು ಕಟ್ಟು ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟಿನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್ ಪ್ರೊಸೆಸರ್ ಸಾಮಾನ್ಯವಾಗಿ ಎಂಟನೇ ತಲೆಮಾರಿನದೋ ಅದಕ್ಕಿಂತ ಈಚಿನದೋ ಆಗಿರಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ನನ್ನದು ಐ5-8250ಯು. ಅಡ್ಡಗೆರೆಯ ನಂತರದ 8 ತಲೆಮಾರನ್ನು ಹೇಳುತ್ತದೆ. ಆ ಅಂಕಿ 5 ಆಗಿದ್ದರೆ ನಾನು ಬೇರೆ ಯೋಚನೆ ಮಾಡುತ್ತಿದ್ದೆ. ಬರೀ ಇಂಟರ್ನೆಟ್ಟು, ಯೂನಿಕೋಡ್ ಟೈಪಿಂಗು ಸಾಕು ಅನ್ನುವವರು ಅಂಥ ಹಳೆಯದಕ್ಕೆ ಲಿನಕ್ಸ್ ಹಾಕಿಸಿ ಇನ್ನೂ ಕೆಲವು ವರ್ಷ ದುಡಿಸಬಹುದು. ನುಡಿ ಓಡುವುದು ವಿಂಡೋಸ್ ಮೇಲೆ, ನನಗೆ ಆ ದಾರಿಯಿಲ್ಲ. ನನ್ನ ಯಂತ್ರ ವಿಂಡೋಸ್ 11ಕ್ಕೆ ಒಗ್ಗುವುದರಿಂದ ಅದೇ ದಿನ ಇನ್ನೂ 1,900 ಕೊಟ್ಟು ತಿರುಗುವ ಹಾರ್ಡ್‌ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿದೆ. ಮೂರು ನಿಮಿಷ ಒದ್ದಾಡಿ ತೆರೆಯುತ್ತಿದ್ದದ್ದು ಈಗ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ತೆರೆಯುತ್ತದೆ.

ಎಲ್ಲವನ್ನೂ ರಿಪೇರಿ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ಪಕ್ಕದ ಮನೆಯ ಬಿ.ಕಾಂ. ಹುಡುಗಿಯ ಲ್ಯಾಪ್‌ಟಾಪಿನ ಮೇಲೆ ಟೀ ಚೆಲ್ಲಿತ್ತು. ಒರೆಸಿ, ಆನ್ ಆಗುತ್ತಾ ಅಂತ ಹತ್ತು ಸಲ ಗುಂಡಿ ಒತ್ತಿದ್ದಳು. ಚೆಲ್ಲಿದ ಕೂಡಲೇ ಚಾರ್ಜರ್ ಕಿತ್ತು, ಗುಂಡಿ ಒತ್ತಿ ಹಿಡಿದು ಆರಿಸಿ, ಬೋರಲು ಹಾಕಿ ಅಂಗಡಿಗೆ ಒಯ್ದಿದ್ದರೆ ಉಳಿಯುತ್ತಿತ್ತೇನೋ. ಸಕ್ಕರೆ ಬೆರೆತ ದ್ರವದಲ್ಲಿ ವಿದ್ಯುತ್ ಹರಿದರೆ ತಾಮ್ರವನ್ನು ಹಸಿರಾಗಿ ತಿನ್ನುತ್ತಾ ಹೋಗುತ್ತದೆ. ಇವತ್ತು ಒಂದು ಕಡೆ ಸರಿ ಮಾಡಿದರೆ ತಿಂಗಳಿಗೆ ಇನ್ನೊಂದು ಕಡೆ ಕೈಕೊಡುತ್ತದೆ. ಅದರ 4 ಜಿಬಿ ರ‍್ಯಾಮ್ ಬೋರ್ಡಿಗೇ ಬೆಸೆದದ್ದು, ಹೆಚ್ಚಿಸುವಂತೆಯೂ ಇರಲಿಲ್ಲ. ಎಸ್.ಪಿ. ರೋಡಿನ ಅದೇ ಹುಡುಗ ಫೋಟೊ ನೋಡಿ, "ಬೇಡ ಅಕ್ಕ, ದುಡ್ಡು ಹಾಕ್ಬೇಡಿ" ಅಂದ. ಬಂದ ಕೆಲಸವನ್ನು ಹೀಗೆ ಬೇಡ ಅನ್ನಬಲ್ಲವನ ಮಾತನ್ನು ನಾನು ನಂಬುತ್ತೇನೆ.

ಆ ಹುಡುಗಿ ಅತ್ತದ್ದು ಯಂತ್ರಕ್ಕಲ್ಲ, ಒಳಗಿದ್ದ ಪ್ರಾಜೆಕ್ಟಿಗೆ. ಯಂತ್ರ ಹೋದರೆ ಒಳಗಿದ್ದದ್ದೂ ಹೋಯಿತು ಎಂಬ ಭಯದಲ್ಲೇ ಜನ ಅವಸರದ ತೀರ್ಮಾನ ಮಾಡುತ್ತಾರೆ. ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಬೇರೆಯೇ ಭಾಗ. ಕಳಚಿ, ನಾನೂರು ಐನೂರು ರೂಪಾಯಿಯ ಕೇಸಿಂಗಿಗೆ ಹಾಕಿದರೆ ಪೆನ್‌ಡ್ರೈವಿನಂತೆ ಬೇರೆ ಕಂಪ್ಯೂಟರಿಗೆ ಚುಚ್ಚಬಹುದು. ಅವಳ ಕಡತಗಳು ಹಾಗೇ ಸಿಕ್ಕಿದವು. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ಮಾತ್ರ ಡಿಸ್ಕನ್ನೂ ಬೋರ್ಡಿಗೇ ಬೆಸೆದಿರುತ್ತಾರೆ. ಈಚಿನ ವಿಂಡೋಸ್ ಯಂತ್ರಗಳಲ್ಲಿ ಬಿಟ್‌ಲಾಕರ್ ಬೀಗವೂ ಇರಬಹುದು. ಅದರ 48 ಅಂಕಿಯ ಕೀಲಿ ನಿಮ್ಮ ಮೈಕ್ರೊಸಾಫ್ಟ್ ಖಾತೆಯಲ್ಲಿದೆಯೇ ಎಂದು ಯಂತ್ರ ಚೆನ್ನಾಗಿರುವಾಗಲೇ ನೋಡಿ ಬರೆದಿಟ್ಟುಕೊಳ್ಳಿ.

ಅವಳ ಹಳೆಯ ಯಂತ್ರವನ್ನು ಗುಜರಿಗೆ ಹಾಕಲು ಬಿಡಲಿಲ್ಲ. 2023ರ ಏಪ್ರಿಲ್‌ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ಗುಜರಿಯಲ್ಲಿ ತಾಮ್ರಕ್ಕಾಗಿ ವೈರು ಸುಡುವ ಹೊಗೆ ಕುಡಿಯುವವರು ನಮ್ಮ ಊರಿನ ಬಡವರೇ. ಲ್ಯಾಪ್‌ಟಾಪಿನಿಂದ ಭೂಮಿಗೆ ಬೀಳುವ ಇಂಗಾಲದ ಹೊರೆಯಲ್ಲಿ ದೊಡ್ಡ ಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ ಎಂಬುದೂ ನನ್ನ ಮನಸ್ಸಿನಲ್ಲಿದೆ.

ಪ್ರಬಂಧ ಸೋಮವಾರವೇ ಸಲ್ಲಿಕೆಯಾಯಿತು. ನನ್ನ ಲ್ಯಾಪ್‌ಟಾಪಿನ ಎಡಗಡೆಯ ಕೀಲು ಈಗೀಗ ಬಿಗಿಯಾಗಿ, ಮುಚ್ಚಳ ತೆರೆಯುವಾಗ ಟಕ್ ಅನ್ನುತ್ತಿದೆ. ಹಾಗೇ ಬಿಟ್ಟರೆ ಸ್ಕ್ರೂ ಕೂರುವ ಪ್ಲಾಸ್ಟಿಕ್ಕು ಒಡೆದು, ಪರದೆಗೆ ಹೋಗುವ ಪಟ್ಟಿವೈರೂ ತುಂಡಾಗುತ್ತದೆ. ಬರುವ ಶನಿವಾರ ಮತ್ತೆ ಆ ಮೆಟ್ಟಿಲು ಹತ್ತಬೇಕು.